ನೀವು ಕೇಳಿದಿರಿ: ವಾಪಸ್ ಬರುವ ರಾಕೆಟ್ಟಿನ ಎಣ್ಣೆ ಲೆಕ್ಕ

ಪ್ರಶ್ನೆ: ಸರ್, ಮೇಲೆ ಹೋದ ರಾಕೆಟ್ ನೆಟ್ಟಗೆ ಕಾಲೂರಿ ಇಳಿಯುವ ವಿಡಿಯೋವನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಭತ್ತದ ಲಾರಿ ಓಡಿಸುತ್ತಾರೆ. "ವಾಪಸ್ ಬರೋಕೂ ಎಣ್ಣೆ ಸುಡಬೇಕಲ್ಲ, ಉಳಿದಿದ್ದೇನು? ಪ್ಯಾರಾಶೂಟ್ ಕಟ್ಟಿ ಬಿಟ್ಟಿದ್ದರೆ ಆಗ್ತಿರಲಿಲ್ವಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.
– ಪಿಯುಸಿ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ತಂಗಿ, ನಿಮ್ಮ ಅಪ್ಪ ಕೇಳಬೇಕಾದದ್ದನ್ನೇ ಕೇಳಿದ್ದಾರೆ. ಅವರ ಲಾರಿಯ ಲೆಕ್ಕದಲ್ಲೇ ಹೇಳುತ್ತೇನೆ.

ಲೋಡ್ ಹೊತ್ತು ಹೋಗುವಾಗ ಕುಡಿದಷ್ಟು ಡೀಸೆಲ್ಲನ್ನು ಲಾರಿ ಖಾಲಿ ಬರುವಾಗ ಕುಡಿಯುವುದಿಲ್ಲ, ಅಲ್ವಾ? ರಾಕೆಟ್ಟಿನಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಕೆಳಗಿನ ಭಾಗಕ್ಕೆ ಬೂಸ್ಟರ್ ಅನ್ನುತ್ತಾರೆ. ಹೊರಡುವಾಗ ಅದರಲ್ಲಿ ಸುಮಾರು 400 ಟನ್ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ ಇರುತ್ತದೆ. ಅದರ ಬಹುಪಾಲು ಸುಟ್ಟ ಮೇಲೆ ಉಳಿಯುವುದು ವಾಪಸಿಗೆ ಬೇಕಾದಷ್ಟು ಎಣ್ಣೆ ಮತ್ತು ಸುಮಾರು 25 ಟನ್ನಿನ ಕೊಳವೆ. ಹತ್ತು ಗಾಲಿಯ ಲಾರಿ ಭತ್ತ ತುಂಬಿ ನಿಂತರೆ ಹತ್ತಿರಹತ್ತಿರ ಅಷ್ಟೇ ತೂಕ. ಏರುವಾಗ ಒಂಬತ್ತು ಇಂಜಿನ್ ಉರಿಯುತ್ತವೆ. ಇಳಿಯುವಾಗ ದಾರಿಯಲ್ಲಿ ಮೂರು, ಕೊನೆಗೆ ಸಾಮಾನ್ಯವಾಗಿ ಒಂದೇ ಒಂದು.

ಹಾಗಂತ ನಷ್ಟ ಇಲ್ಲ ಎಂದಲ್ಲ. ಬೂಸ್ಟರನ್ನು ಸಮುದ್ರಕ್ಕೆ ಬಿಟ್ಟುಬಿಡುವುದಾದರೆ, ದೂರಸಂಪರ್ಕ ಉಪಗ್ರಹಗಳ ಎತ್ತರದ ದಾರಿಗೆ ಈ ರಾಕೆಟ್ 8.3 ಟನ್ ಒಯ್ಯಬಲ್ಲದು. ವಾಪಸ್ ತರಬೇಕೆಂದರೆ 5.5 ಟನ್. ಆದರೆ ರಾಕೆಟ್ಟಿನ ಬೆಲೆಯಲ್ಲಿ ಎಣ್ಣೆಯ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ. ದುಡ್ಡಿನ ದೊಡ್ಡ ಪಾಲು ಇರುವುದು ಬೂಸ್ಟರಿನಲ್ಲಿ. ಬಾಡಿಗೆಯಲ್ಲಿ ಒಂದಿಷ್ಟು ಬಿಟ್ಟು ಲಾರಿಯನ್ನೇ ಉಳಿಸಿಕೊಂಡ ಹಾಗೆ.

ಇನ್ನು ಪ್ಯಾರಾಶೂಟ್. ಅದನ್ನೂ ಮಾಡಿ ನೋಡಿದರು, 2010ರಲ್ಲಿ. ಪ್ಯಾರಾಶೂಟ್ ಬಿಚ್ಚುವ ಮೊದಲೇ ಬೂಸ್ಟರ್ ಗಾಳಿಯ ಹೊಡೆತಕ್ಕೆ ಚೂರಾಯಿತು. ಬಾಹ್ಯಾಕಾಶದ ಅಂಚಿನಿಂದ ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಬರುವ ತೆಳು ಗೋಡೆಯ ಟ್ಯಾಂಕ್ ಅದು. ಮೊದಲು ಇಂಜಿನ್ ಉರಿಸಿ ವೇಗ ತಗ್ಗಿಸದಿದ್ದರೆ ಕೆಳಗಿನವರೆಗೆ ಉಳಿಯುವುದೇ ಇಲ್ಲ.

ಇಳಿಯುವ ಕೊನೆಯ ಗಳಿಗೆಯ ಬಗ್ಗೆ ಅಪ್ಪನಿಗೆ ಇದೊಂದು ಹೇಳು. ಖಾಲಿ ಬೂಸ್ಟರ್ ಎಷ್ಟು ಹಗುರ ಎಂದರೆ, ಒಂದೇ ಇಂಜಿನ್ನನ್ನು ಎಷ್ಟು ಸಣ್ಣಗೆ ಉರಿಸಿದರೂ ಅದರ ಒತ್ತು ಬೂಸ್ಟರಿನ ತೂಕಕ್ಕಿಂತ ಜಾಸ್ತಿ. ಅಂದರೆ ಗಾಳಿಯಲ್ಲಿ ನಿಂತು, ಜಾಗ ನೋಡಿಕೊಂಡು ಮೆಲ್ಲಗೆ ಇಳಿಯುವ ಹಾಗಿಲ್ಲ. ವೇಗ ಸೊನ್ನೆಯಾಗುವುದೂ ಕಾಲು ನೆಲ ಮುಟ್ಟುವುದೂ ಒಂದೇ ಕ್ಷಣಕ್ಕೆ ಆಗಬೇಕು. ಬ್ರೇಕ್ ಒತ್ತಿದ ಲಾರಿ ಸರಿಯಾಗಿ ವೇಬ್ರಿಡ್ಜ್ ಮೇಲೇ ನಿಲ್ಲಬೇಕು, ಒಂದು ಕ್ಷಣ ಜಾಸ್ತಿ ಒತ್ತಿದರೆ ರಿವರ್ಸ್ ಓಡುತ್ತದೆ ಎಂದುಕೊಳ್ಳಲಿ. ಅದಕ್ಕೇ ದಡದಲ್ಲಿ ಇಳಿಸುವಾಗ ಮೊದಲು ಸಮುದ್ರಕ್ಕೇ ಗುರಿ ಇಟ್ಟಿರುತ್ತಾರೆ. ಎಲ್ಲ ಸರಿಯಿದ್ದರೆ ಮಾತ್ರ ಕೊನೆಯಲ್ಲಿ ನೆಲದ ಕಡೆ ತಿರುಗುತ್ತದೆ. 2018ರ ಡಿಸೆಂಬರಿನಲ್ಲಿ ದಿಕ್ಕು ತಿದ್ದುವ ರೆಕ್ಕೆಗಳ ಹೈಡ್ರಾಲಿಕ್ ಪಂಪ್ ನಿಂತುಹೋಗಿ ಒಂದು ಬೂಸ್ಟರ್ ಬುಗುರಿಯಂತೆ ತಿರುಗತೊಡಗಿತು. ಆದರೂ ದಡ ಬಿಟ್ಟು ನೀರಿನಲ್ಲೇ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ನಿಖರವಾಗಿ ಇಳಿದ ನೂರು ವಿಡಿಯೋಗಳಿಗಿಂತ ನನಗೆ ಈ ಒಂದು ಮುಖ್ಯ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯ. ಇಳಿಯುವುದು ಅರ್ಧ ಕೆಲಸ. ಇಳಿದದ್ದನ್ನು ಮತ್ತೆ ಹಾರಿಸಬಹುದೋ ಇಲ್ಲವೋ ಎಂದು ತಿಳಿಯುವುದೇ ಉಳಿದರ್ಧ.

ನಾನು ರಾಯಚೂರಿನ ಕಡೆ ಇಪ್ಪತ್ತಾರು ವರ್ಷ ಬಾಯ್ಲರ್ ಮೆಂಟೆನೆನ್ಸ್ ಮಾಡಿದವನು. ನನ್ನ ಮೇಜಿನ ಮೇಲೆ ಗೇಣುದ್ದದ ಬಾಯ್ಲರ್ ಟ್ಯೂಬಿನ ತುಂಡೊಂದಿದೆ. ನಡುವೆ ಉಬ್ಬಿ, ಮೀನಿನ ಬಾಯಿಯ ಹಾಗೆ ಸೀಳಿದೆ. ಸೀಳಿನ ಅಂಚು ಎಷ್ಟು ತೆಳ್ಳಗಿದೆಯೆಂದರೆ ಬೆರಳಿಟ್ಟರೆ ಕೊಯ್ಯುತ್ತದೆ. ಹಿಂದಿನ ಶಟ್‌ಡೌನ್‌ನಲ್ಲಿ ಇದರ ಪಕ್ಕದ ಎರಡು ಟ್ಯೂಬುಗಳಿಗೆ ಗೇಜ್ ಇಟ್ಟು ದಪ್ಪ ಅಳೆದಿದ್ದೆವು. ಇದಕ್ಕೆ ಅಳೆದಿರಲಿಲ್ಲ. ಒಂದೇ ಸಮನೆ ಉರಿಯುವ ಬಾಯ್ಲರ್ ಅಷ್ಟು ಕಾಟ ಕೊಡುವುದಿಲ್ಲ. ಆರಿಸಿ, ಹೊತ್ತಿಸಿ, ಮತ್ತೆ ಆರಿಸಿದಾಗ ಲೋಹ ಹಿಗ್ಗಿ ಕುಗ್ಗಿ ದಣಿಯುತ್ತದೆ. ಬೂಸ್ಟರಿನ ಬದುಕೇ ಅದು. ಆ ಇಂಜಿನ್ನುಗಳ ಟರ್ಬೈನ್ ಬ್ಲೇಡುಗಳಲ್ಲಿ ಬಿರುಕು ಕಂಡದ್ದೂ ಉಂಟು. ಸೀಮೆಎಣ್ಣೆಯ ಮಸಿ ಬೇರೆ. ಬಿಳಿ ಬಣ್ಣದಲ್ಲಿ ಹೋದ ಬೂಸ್ಟರ್ ಒಲೆಯ ಮೇಲಿನ ಪಾತ್ರೆಯಂತೆ ಕಪ್ಪಾಗಿ ಬರುತ್ತದೆ, ವಿಡಿಯೋ ಇನ್ನೊಮ್ಮೆ ನೋಡು.

2015ರ ಡಿಸೆಂಬರಿನಲ್ಲಿ ಮೊದಲು ಇಳಿದ ಫಾಲ್ಕನ್ ಬೂಸ್ಟರನ್ನು ಮತ್ತೆ ಹಾರಿಸಲೇ ಇಲ್ಲ. 2016ರ ಏಪ್ರಿಲ್‌ನಲ್ಲಿ ಹಡಗಿನ ಮೇಲೆ ಇಳಿದದ್ದು ಮತ್ತೆ ಹಾರಿದ್ದು 2017ರ ಮಾರ್ಚ್ 30ರಂದು, ಹತ್ತಿರಹತ್ತಿರ ಒಂದು ವರ್ಷ ಕಳೆದು. ಈಗ ಒಂದೇ ಬೂಸ್ಟರ್ 30ಕ್ಕೂ ಹೆಚ್ಚು ಸಲ ಹೋಗಿ ಬಂದಿದೆ. ಎರಡು ವಾರದೊಳಗೆ ಮತ್ತೆ ಹಾರಿದ್ದೂ ಇದೆ. ಅಲ್ಲಿ ಗೇಜ್ ಹಿಡಿದು ತಪಾಸಣೆಗೆ ನಿಂತವರ ಹೆಸರು ಯಾವ ವಿಡಿಯೋದಲ್ಲೂ ಬರುವುದಿಲ್ಲ. ನನಗೆ ಕೈ ಮುಗಿಯಬೇಕೆನಿಸುವುದು ಅವರಿಗೆ.

ಪ್ರಶ್ನೆ: ನಮ್ಮ ಇಸ್ರೋ ಇಂಥದ್ದು ಏನಾದರೂ ಮಾಡುತ್ತಿದೆಯೇ?
– ಓದುಗರು, ಸಿರುಗುಪ್ಪ

ಉತ್ತರ: ಮಾಡುತ್ತಿದೆ, ಅದೂ ನಿಮ್ಮ ಪಕ್ಕದ ಜಿಲ್ಲೆಯಲ್ಲೇ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹೊಸ ದೊಡ್ಡ ರಾಕೆಟ್ಟಿನ ಮೊದಲ ಹಂತ ಮತ್ತೆ ಬಳಸುವಂಥದ್ದು. ಅದಿನ್ನೂ ತಯಾರಾಗಬೇಕು. ಅದಕ್ಕೂ ಮೊದಲೇ ಚಳ್ಳಕೆರೆ ಹತ್ತಿರದ ರನ್‌ವೇಯಲ್ಲಿ 'ಪುಷ್ಪಕ್' ಎಂಬ ರೆಕ್ಕೆಯ ವಾಹನವನ್ನು 2023 ಮತ್ತು 2024ರಲ್ಲಿ ಮೂರು ಸಲ ಇಳಿಸಿದ್ದಾರೆ. ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಬಂದು ಗಾಲಿಯೂರಿತು. 2024ರ ಮಾರ್ಚ್‌ನಲ್ಲಿ ಇಳಿದ ಆ ಬಾಡಿಯನ್ನೇ ಏನೂ ಬದಲಿಸದೆ ಜೂನ್‌ನಲ್ಲಿ ಮತ್ತೆ ಇಳಿಸಿದರು.