ಪ್ರತಿಕ್ರಿಯೆ: ಅಪ್ಪನ ಡಯಾಲಿಸಿಸ್ ನಡುವೆ 21 ಕಿ.ಮೀ. ಓಟ

ಅಪ್ಪನ ಡಯಾಲಿಸಿಸ್ ನೋಡಿಕೊಳ್ಳುತ್ತಲೇ 21 ಕಿ.ಮೀ. ರೇಸಿಗೆ ತಯಾರಾಗುತ್ತಿದ್ದೇನೆ, 12 ಕಿ.ಮೀ. ದಾಟಿದರೆ ಕಾಲು ಕಲ್ಲಾಗುತ್ತೆ, ಮೊಣಕಾಲ ಕೆಳಗೆ ನೋವೂ ಇದೆ ಅಂತ ಬರೆದಿದ್ದೀರಿ. ಕಾಲು ಹಾಗೆ ಕಲ್ಲಾಗೋದಕ್ಕೆ ಕಾರಣ ಬಹುಶಃ ನಿದ್ದೆಗೇಡು, ಜೊತೆಗೆ ಡಯಾಲಿಸಿಸ್ ದಿನ ತಪ್ಪಿದ ಓಟವನ್ನೆಲ್ಲ ಒಂದೇ ವಾರಕ್ಕೆ ತುರುಕಿದ್ದು. ತಪ್ಪಿದ್ದು ತಪ್ಪಿತು, ಬಿಡಿ. ಮಂಗಳ, ಗುರು, ಶನಿ ಆಸ್ಪತ್ರೆ ಅಂದಿರಿ. ಹಾಗಾದರೆ ಸೋಮ, ಬುಧ ತಲಾ 40 ನಿಮಿಷ, ಮಾತಾಡುತ್ತ ಓಡುವಷ್ಟು ನಿಧಾನ. ಈ ಭಾನುವಾರ 13 ಕಿ.ಮೀ., ಮುಂದಿನ ಭಾನುವಾರಗಳಲ್ಲಿ ಕ್ರಮವಾಗಿ 15, 17, 10 ಕಿ.ಮೀ., ಐದನೇ ವಾರ ರೇಸ್. ಮನೆ ಸುತ್ತಲೇ 2 ಕಿ.ಮೀ. ಸುತ್ತು ಹಾಕಿ, ಫೋನ್ ಬಂದರೆ ಹತ್ತು ನಿಮಿಷದಲ್ಲಿ ವಾಪಸ್. ರಾತ್ರಿ ಐದು ಗಂಟೆಯೂ ನಿದ್ದೆಯಾಗದಿದ್ದರೆ ಶೂ ಮುಟ್ಟಲೇಬೇಡಿ.

ರೇಸಿನಲ್ಲಿ ಮೊದಲ ಕಿಲೋಮೀಟರಿನಿಂದಲೇ 9 ನಿಮಿಷ ಓಟ, 1 ನಿಮಿಷ ನಡಿಗೆ. ಸುಸ್ತಾದ ಮೇಲೆ ಶುರು ಮಾಡಿದರೆ ಉಪಯೋಗ ಕಮ್ಮಿ.

ಮೊಣಕಾಲ ಕೆಳಗಿನ ನೋವು ಸ್ನಾಯುವಿನದೋ ಮೂಳೆಯದೋ ಬರೀ ಓದಿ ಹೇಳಲಾಗದು. ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಹೆಚ್ಚಾದರೆ, ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ.