ಕೂಸಿನ ಮೈಯ ಕಂದು ಕೊಬ್ಬು

ಪ್ರಶ್ನೆ: ನನ್ನ ತಂಗಿಗೆ ಮಾಗಿಯಲ್ಲಿ ಹೆರಿಗೆಯಾಯಿತು. ನಸುಕಿನ ಚಳಿಗೆ ನಾವೆಲ್ಲ ನಡುಗುತ್ತಿದ್ದರೂ ಕೂಸು ನಡುಗಲಿಲ್ಲ. ಅದರ ಮೈಯಲ್ಲಿ ಶಾಖ ಕೊಡುವ ಕೊಬ್ಬಿದೆ ಎಂದು ನರ್ಸಮ್ಮ ಹೇಳಿದರು. ಕೊಬ್ಬಿನಲ್ಲೂ ಬಗೆಗಳಿವೆಯೇ? ತಣ್ಣೀರು ಸ್ನಾನದಿಂದ ದೊಡ್ಡವರ ಬೊಜ್ಜೂ ಹೀಗೆ ಉರಿದುಹೋಗುವುದೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನರ್ಸಮ್ಮ ಹೇಳಿದ್ದು ನಿಜ. ಕೊಬ್ಬಿನಲ್ಲಿ ಬಿಳಿ, ಕಂದು ಎಂಬ ಬಗೆಗಳಿವೆ; ಕೂಸಿಗೆ ಶಾಖ ಕೊಡುವುದು ಕಂದು ಕೊಬ್ಬು. ದಾವಣಗೆರೆಯ ಬೆಣ್ಣೆ ದೋಸೆ ತಿಂದು ಮಿಕ್ಕ ಶಕ್ತಿ ಹೋಗಿ ಕೂರುವುದು ಬಿಳಿ ಕೊಬ್ಬಿನಲ್ಲಿ. ಅದರ ಪ್ರತಿ ಜೀವಕೋಶದಲ್ಲೂ ಜಿಡ್ಡಿನ ಒಂದೇ ದೊಡ್ಡ ಹನಿ ತುಂಬಿಕೊಂಡು, ಕೋಶಕೇಂದ್ರವನ್ನು ಅಂಚಿಗೆ ಒತ್ತಿರುತ್ತದೆ. ಕಂದು ಕೊಬ್ಬಿನ ಕೋಶದಲ್ಲಿ ಸಣ್ಣ ಸಣ್ಣ ಹನಿಗಳು ಹಲವಾರು, ಅವುಗಳ ನಡುವೆ ಕಿಕ್ಕಿರಿದ ಮೈಟೊಕಾಂಡ್ರಿಯಗಳು, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಘಟಕಗಳು; ಅವುಗಳಲ್ಲಿರುವ ಕಬ್ಬಿಣದ ಅಂಶವೇ ಕಂದು ಬಣ್ಣಕ್ಕೆ ಮುಖ್ಯ ಕಾರಣ.

ಮೈಟೊಕಾಂಡ್ರಿಯ ಆಹಾರದ ಶಕ್ತಿಯಿಂದ ಧನ ವಿದ್ಯುದಂಶದ ಕಣಗಳಾದ ಪ್ರೋಟಾನ್‌ಗಳನ್ನು ತನ್ನ ಒಳಪೊರೆಯಾಚೆ ತಳ್ಳುತ್ತದೆ. ಅವು ಅಣೆಕಟ್ಟಿನ ನೀರು ಟರ್ಬೈನ್ ತಿರುಗಿಸುವಂತೆ ಒಂದು ಕಿಣ್ವದ ಮೂಲಕ ಮರಳುವಾಗ ದೇಹದ ಕೆಲಸಕ್ಕೆ ಬೇಕಾದ ಶಕ್ತಿ ತುಂಬಿದ ಎಟಿಪಿ ಎಂಬ ಅಣು ತಯಾರಾಗುತ್ತದೆ. ಚಳಿ ತಗುಲಿದೊಡನೆ ನರತುದಿಗಳಿಂದ ಸಂದೇಶ ಒಯ್ಯುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಸ್ರವಿಸಿ, ಕೊಬ್ಬಿನ ಹನಿಗಳು ಒಡೆದು ಬಿಡುಗಡೆಯಾದ ಕೊಬ್ಬಿನಾಮ್ಲಗಳು ಕಂದು ಕೋಶದಲ್ಲಿರುವ ಯುಸಿಪಿ-1 ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತವೆ. ಆಗ ಪ್ರೋಟಾನ್‌ಗಳು ಆ ಪ್ರೋಟೀನಿನ ದಾರಿಯಲ್ಲಿ ಮರಳುವುದರಿಂದ ಎಟಿಪಿ ಆಗಬೇಕಿದ್ದ ಶಕ್ತಿ ಶಾಖವಾಗಿ ಹೊಮ್ಮುತ್ತದೆ. ಚಳಿಗೆ ಒಗ್ಗಿಕೊಂಡಾಗ ಬಿಳಿ ಕೊಬ್ಬಿನ ನಡುವೆಯೂ ಇದೇ ಕೆಲಸದ ನಸುಗಂದು ಕೋಶಗಳು ಮೂಡುತ್ತವೆ.

ಕೂಸಿಗೆ ಕಂದು ಕೊಬ್ಬು ಮುಖ್ಯವಾಗಿ ಬೆನ್ನಿನ ಮೇಲ್ಭಾಗ, ಕತ್ತು ಮತ್ತು ಮೂತ್ರಪಿಂಡಗಳ ಸುತ್ತ ಇರುತ್ತದೆ. ಆದರೆ ದಾಸ್ತಾನು ಸಣ್ಣದು, ದಿನ ತುಂಬದೆ ಹುಟ್ಟಿದ ಕೂಸಿಗಂತೂ ತೀರಾ ಕಡಿಮೆ. ಆದ್ದರಿಂದ ನಡುಗುತ್ತಿಲ್ಲವೆಂದು ಚಳಿಯಾಗಿಲ್ಲ ಎಂದುಕೊಳ್ಳಬೇಡಿ; ತಲೆಗೆ ಕುಲಾವಿ ಹಾಕಿ, ತಾಯಿಯ ಎದೆಗೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಹೊದಿಸಿ.

ದೊಡ್ಡವರಲ್ಲೂ ಕತ್ತು, ಕೊರಳೆಲುಬಿನ ಮೇಲ್ಭಾಗ ಮತ್ತು ಬೆನ್ನುಮೂಳೆಯ ಬದಿಗಳಲ್ಲಿ ಕ್ರಿಯಾಶೀಲ ಕಂದು ಕೊಬ್ಬು ಉಳಿದಿರುವುದು 2009ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನಗಳಿಂದ ಖಚಿತವಾಯಿತು. ಅದರ ಪ್ರಮಾಣ ಅಲ್ಪ. ತಣ್ಣೀರು ಸ್ನಾನವೊಂದರಿಂದಲೇ ಹೊಟ್ಟೆ ಕರಗದು. ಹೃದ್ರೋಗ, ರಕ್ತದೊತ್ತಡ ಇರುವವರು ಏಕಾಏಕಿ ತಣ್ಣೀರು ಸುರಿದುಕೊಳ್ಳುವುದು ಅಪಾಯಕರ. ಶಾಖ ಹೆಚ್ಚಿಸಿ ಬೊಜ್ಜು ಇಳಿಸುವ ಮಾತ್ರೆಗಳ ಗೊಡವೆಗಂತೂ ಹೋಗಲೇಬೇಡಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾದ ಡೈನೈಟ್ರೋಫಿನಾಲ್ ಕಂದು ಕೊಬ್ಬಿನಲ್ಲಷ್ಟೇ ನಡೆಯಬೇಕಾದ ಈ ಪ್ರೋಟಾನ್ ಸೋರಿಕೆಯನ್ನು ದೇಹದ ತುಂಬ ಉಂಟುಮಾಡಿ, ಮೈ ಕಾವು ಹತೋಟಿ ಮೀರಿ ಏರಿ ಹಲವರು ಸತ್ತರು.