ಎರಡು ಬೋರ್‌ವೆಲ್‌ಗಳ ಅಂಕಿ ಕೈಬಿಡಬೇಕೆ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ 40 ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಪಿಎಚ್.ಡಿ.ಗಾಗಿ ಅಳೆದಿದ್ದೇನೆ. ಎರಡರಲ್ಲಿ ಲೀಟರಿಗೆ 3 ಮಿ.ಗ್ರಾಂ ದಾಟಿದೆ. ಸ್ಥಳೀಯ ಮುಖಂಡರೊಬ್ಬರು ಫೋನ್ ಮಾಡಿಸಿದ ಮೇಲೆ ‘ಆ ಎರಡು ಉಳಿದವುಗಳ ಜೊತೆ ಹೊಂದೋದಿಲ್ಲ, ತೆಗೆದುಬಿಡಮ್ಮ’ ಎನ್ನುತ್ತಿದ್ದಾರೆ ಗೈಡ್. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ತೆಗೆಯಬೇಡಿ. ಅಂಕಿ ಕೈಬಿಡಲು ಕಾರಣ ಅಳೆದ ರೀತಿಯಲ್ಲಿ ಸಿಗಬೇಕು, ಬಂದ ಫೋನಿನಲ್ಲಲ್ಲ. ಮೊದಲು ನಿಮ್ಮ ಅಳತೆಯನ್ನು ನೀವೇ ಬಿಗಿಯಾಗಿ ಪರೀಕ್ಷಿಸಿ. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಬಳಸಿದ್ದರೆ 1 ಮತ್ತು 10 ಮಿ.ಗ್ರಾಂ ಸ್ಟ್ಯಾಂಡರ್ಡ್‌ಗಳ (ಫ್ಲೋರೈಡ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರಾವಣಗಳ) ನಡುವೆ 54ರಿಂದ 60 ಮಿಲಿವೋಲ್ಟ್ ವ್ಯತ್ಯಾಸ ಇರಬೇಕು. ನೀರಿಗೆ ಸಮಪ್ರಮಾಣದಲ್ಲಿ ಟಿಸಾಬ್ ಬಫರ್ (ಬೇರೆ ಅಂಶಗಳು ಅಳತೆ ಕೆಡಿಸದಂತೆ ತಡೆಯುವ ದ್ರಾವಣ) ಬೆರೆಸಿದ್ದಿರಾ? ಬೆರೆಸದಿದ್ದರೆ ಅಲ್ಯೂಮಿನಿಯಂ, ಕಬ್ಬಿಣದ ಅಂಶ ಫ್ಲೋರೈಡನ್ನು ಹಿಡಿದಿಟ್ಟು ರೀಡಿಂಗ್ ಇಳಿಯುತ್ತದೆ. ನೀರು ತೀರಾ ಕ್ಷಾರವಾಗಿದ್ದರೆ ಏರುತ್ತದೆ.

ಇದೆಲ್ಲ ಸರಿಯಿದ್ದರೆ ಅದೇ ಎರಡು ಬೋರ್‌ವೆಲ್‌ಗಳನ್ನು ಹತ್ತು ನಿಮಿಷ ಓಡಿಸಿ ಮತ್ತೆ ನೀರು ತನ್ನಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್‌ನಲ್ಲಿ ಹಿಡಿಯಿರಿ. ಅದರಲ್ಲಿ ಫ್ಲೋರೈಡ್ 28 ದಿನ ಕೆಡುವುದಿಲ್ಲ. ಮಾದರಿಯನ್ನು ಎರಡು ಪಾಲು ಮಾಡಿ ಸೀಲ್ ಮಾಡಿ, ಸಾಕ್ಷಿಯ ಸಹಿ ಹಾಕಿಸಿ, ಒಂದನ್ನು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಬೇರೆ ಲ್ಯಾಬಿಗೆ ಕಳಿಸಿ. ಬಾಟಲಿ ಮೇಲೆ ಊರಿನ ಹೆಸರು ಬೇಡ, ಕೋಡ್ ಮಾತ್ರ ಇರಲಿ.

‘ಹೊಂದೋದಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಗ್ರಾನೈಟ್ ನೆಲದ ಅಂತರ್ಜಲದಲ್ಲಿ ಫ್ಲೋರೈಡ್ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಹಲವು ಬಾವಿಗಳಲ್ಲಿ ಕಡಿಮೆ, ಕೆಲವೇ ಕೆಲವುಗಳಲ್ಲಿ ವಿಪರೀತ. ಅಳತೆಗಳು ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡಿವೆ ಎಂದು ನಂಬಿ, ಗುಂಪಿಗೆ ಸೇರದ ಅಂಕಿಯನ್ನು ಹುಡುಕುವ ಗ್ರಬ್ಸ್ ಪರೀಕ್ಷೆಯನ್ನು ಇಂಥ ಅಂಕಿಗಳ ಮೇಲೆ ನೇರವಾಗಿ ಹಾಕಿದರೆ ನಿಜವಾದ ಅಳತೆಯೇ ತಪ್ಪೆಂದು ಕಾಣುತ್ತದೆ.

ಅಮೆರಿಕದ ಫ್ಲಿಂಟ್ ನಗರದಲ್ಲಿ 2015ರಲ್ಲಿ ಇದೇ ಆಯಿತು. ಸೀಸ ಹೆಚ್ಚಿದ್ದ ಎರಡು ಮಾದರಿಗಳನ್ನು ಅಧಿಕಾರಿಗಳು ಪಟ್ಟಿಯಿಂದ ತೆಗೆಸಿದರು. ಒಂದು ಮನೆಯಲ್ಲಿ ಫಿಲ್ಟರ್ ಇತ್ತು, ಇನ್ನೊಂದು ವಾಸದ ಮನೆಯಲ್ಲ ಎಂಬುದು ಅವರು ಕೊಟ್ಟ ಕಾರಣ. ಅಷ್ಟಕ್ಕೇ ಊರಿನ ಲೆಕ್ಕ ಮಿತಿಯೊಳಗೆ ಬಂತು. ಮಕ್ಕಳು ಅದೇ ನೀರು ಕುಡಿಯುತ್ತಿದ್ದರು.

ಗೈಡ್ ಜೊತೆ ಜಗಳ ಬೇಡ. ‘ತಾವು ಇಂದು ತಿಳಿಸಿದಂತೆ ಈ ಎರಡು ಅಂಕಿ ಕೈಬಿಡಲು ತಾಂತ್ರಿಕ ಕಾರಣವನ್ನು ದಯವಿಟ್ಟು ತಿಳಿಸಿ’ ಎಂದು ಇಮೇಲ್ ಮಾಡಿ. ಬಾಯಿಮಾತಿನ ಒತ್ತಡ ಬರಹಕ್ಕೆ ಬರುವಾಗ ಬಹಳ ಸಲ ಕರಗುತ್ತದೆ. ನೋಟ್‌ಬುಕ್ಕಿನ ಪುಟಗಳಿಗೆ ಸಂಖ್ಯೆ ಇರಲಿ. ತಪ್ಪಾದರೆ ಒಂದೇ ಗೆರೆ ಎಳೆದು ಸಹಿ ಹಾಕಿ, ಹಳೆಯದು ಓದಲು ಬರಬೇಕು. ಪುಟಗಳ ಫೋಟೊವನ್ನು ಅಂದೇ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಪ್ರಬಂಧದಲ್ಲಿ 40 ಬಾವಿಗಳ ಲೆಕ್ಕ, 38ರ ಲೆಕ್ಕ ಎರಡನ್ನೂ ಅಕ್ಕಪಕ್ಕ ಕೊಡಬಹುದು, ಮುಚ್ಚಿಡುವಂತಿಲ್ಲ.

ಇನ್ನೊಂದು: ಕುಡಿಯುವ ನೀರಿಗೆ 1.5 ಮಿ.ಗ್ರಾಂ ಮೇಲ್ಮಿತಿ. ಮರುಪರೀಕ್ಷೆಯೂ ಹಾಗೇ ಬಂದರೆ ಪ್ರಬಂಧ ಮುಗಿಯುವವರೆಗೆ ಕಾಯದೆ ಪಂಚಾಯಿತಿಗೆ ಬರೆದು ತಿಳಿಸಿ. ಕಾಯಿಸಿ ಕುಡಿದರೂ ಫ್ಲೋರೈಡ್ ಹೋಗುವುದಿಲ್ಲ ಎಂದೂ ಬರೆಯಿರಿ.

ಪ್ರಶ್ನೆ: ನಮ್ಮೂರ ನೀರಿನ ಪರೀಕ್ಷಾ ವರದಿ ಕೇಳಿದರೆ ಕೊಡುತ್ತಿಲ್ಲ.
– ಶಿಕ್ಷಕರು, ಸಿಂಧನೂರು

ಉತ್ತರ: ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಒಂದೇ ವಿಷಯ, 150 ಪದಗಳೊಳಗೆ. ‘ನೀರು ಹೇಗಿದೆ’ ಎಂದು ಕೇಳಬೇಡಿ. ಬೋರ್‌ವೆಲ್ ಯಾವುದು, ಮಾದರಿ ತೆಗೆದ ದಿನಾಂಕ ಯಾವುದು ಎಂದು ನಮೂದಿಸಿ, ಲ್ಯಾಬ್ ವರದಿಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.